ಪೈಥಾನ್ ವೆಬ್ ಅಪ್ಲಿಕೇಶನ್‌ಗೆ ಮಾಡ್ಯೂಲ್ ಸಿಗುತ್ತಿಲ್ಲವೇ? ಇಂಪೋರ್ಟ್ ದೋಷವನ್ನು ಹಂತ ಹಂತವಾಗಿ ಪತ್ತೆಹಚ್ಚುವ ಕ್ರಮ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. "ಲೈಬ್ರರಿಯನ್ನು ಪಿಪ್ ಮೂಲಕ ಇನ್‌ಸ್ಟಾಲ್ ಮಾಡಿದ್ದೇನೆ, ಯಶಸ್ವಿಯಾಯಿತು ಎಂಬ ಸಂದೇಶವೂ ಬಂದಿದೆ, ಆದರೂ ಅಪ್ಲಿಕೇಶನ್ ಓಡಿಸಿದರೆ 'ನೋ ಮಾಡ್ಯೂಲ್ ನೇಮ್ಡ್' ಎಂಬ ದೋಷವೇ ಕಾಣುತ್ತದೆ, ಏಕೆ?" ಎಂಬುದು ಅದರ ಒಂದು ರೂಪ (ಪಿಪ್ ಎಂದರೆ ಪೈಥಾನ್ ಲೈಬ್ರರಿಗಳನ್ನು ಇಳಿಸಿ ಜೋಡಿಸುವ ಸಾಧನ). ನಮ್ಮ ಗಣಕದಲ್ಲಿ ಚೆನ್ನಾಗಿ ಓಡುತ್ತಿದ್ದ ಅಪ್ಲಿಕೇಶನ್ ಸರ್ವರ್‌ಗೆ ಹೋದೊಡನೆ ಇದೇ ದೋಷ ಕೊಟ್ಟು ನಿಲ್ಲುವುದು ಇನ್ನೊಂದು ರೂಪ. ಇದಕ್ಕೆ ಎಲ್ಲೆಡೆ ಸಿಗುವ ಉತ್ತರ "ಇನ್ನೊಮ್ಮೆ ಇನ್‌ಸ್ಟಾಲ್ ಮಾಡಿ ನೋಡಿ" ಎಂಬುದು. ನನ್ನ ಮಟ್ಟಿಗೆ ಅದು ಕಾರಣ ಖಚಿತವಾದ ಮೇಲೆ ಮಾಡಬೇಕಾದ ಕೆಲಸವೇ ಹೊರತು ಮೊದಲು ಮಾಡುವಂಥದ್ದಲ್ಲ. ಏಕೆಂದರೆ ಪೈಥಾನ್ ಹೇಳುತ್ತಿರುವುದು "ಆ ಮಾಡ್ಯೂಲ್ ಈ ಗಣಕದಲ್ಲಿಯೇ ಇಲ್ಲ" ಎಂದಲ್ಲ, "ನಾನು ಹುಡುಕಿದ ಜಾಗಗಳಲ್ಲಿ ಆ ಹೆಸರು ಕಾಣಲಿಲ್ಲ" ಎಂದಷ್ಟೇ. ಹಾಗಾಗಿ ಹುಡುಕುತ್ತಿರುವ ಪೈಥಾನ್ ಯಾವುದು, ಅದು ಎಲ್ಲೆಲ್ಲಿ ಹುಡುಕುತ್ತಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಹೆಚ್ಚಿನ ಇಂಪೋರ್ಟ್ ದೋಷಗಳ ಕಾರಣ ತಾನಾಗಿಯೇ ಹೊರಬೀಳುತ್ತದೆ.

ಒಂದು ಸೂಚನೆ: ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಉಚ್ಚರಿಸುವಂತೆ ಕನ್ನಡದಲ್ಲಿಯೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಎಂದಿನಂತೆ ರೋಮನ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೊದಲು ಕೈಯಲ್ಲಿರಬೇಕಾದವು

ದೋಷ ಎಲ್ಲಿ ಬರುತ್ತಿದೆಯೋ ಅಲ್ಲಿನ ಟರ್ಮಿನಲ್ ನಿಮಗೆ ಸಿಗಬೇಕು. ಸರ್ವರ್‌ನಲ್ಲಿ ಬರುವ ದೋಷವನ್ನು ನಿಮ್ಮ ಸ್ವಂತ ಗಣಕದಲ್ಲಿ ಕುಳಿತು ಊಹೆಯಿಂದ ಸರಿಪಡಿಸಲು ಹೋದರೆ ಸಮಯ ವ್ಯರ್ಥವಾಗುತ್ತದೆ. ಅಪ್ಲಿಕೇಶನ್ನಿನ ಲಾಗ್, ಅಂದರೆ ಅದು ಓಡುವಾಗ ಬರೆದಿಡುವ ಸಂದೇಶಗಳ ದಾಖಲೆ, ಪೂರ್ತಿಯಾಗಿ ಓದಲು ಸಿಗಬೇಕು. ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸುವ ಅನುಮತಿಯೂ ಬೇಕು.

ಪೈಥಾನ್ ಹೇಗೆ ಹುಡುಕುತ್ತದೆ ಎಂಬುದನ್ನೂ ತಿಳಿದಿರಬೇಕು. ಮಾಡ್ಯೂಲ್ ಎಂದರೆ ಸಾಮಾನ್ಯವಾಗಿ ಒಂದು ಪೈಥಾನ್ ಫೈಲ್; ಪ್ಯಾಕೇಜ್ ಎಂದರೆ ಅಂಥ ಮಾಡ್ಯೂಲ್‌ಗಳನ್ನು ಒಳಗೊಂಡ ಫೋಲ್ಡರ್. ಇಂಪೋರ್ಟ್ ಎಂಬ ಸಾಲು ಬಂದಾಗ ಪೈಥಾನ್ ಮೊದಲು 'ಸಿಸ್.ಮಾಡ್ಯೂಲ್ಸ್' ಎಂಬ ಪಟ್ಟಿಯನ್ನು ನೋಡುತ್ತದೆ. ಇದು ಈಗಾಗಲೇ ಲೋಡ್ ಆದ ಮಾಡ್ಯೂಲ್‌ಗಳ ಪಟ್ಟಿ. ಅಲ್ಲಿಲ್ಲದಿದ್ದರೆ ಪೈಥಾನ್‌ನೊಳಗೇ ಅಡಕವಾಗಿರುವ ಮಾಡ್ಯೂಲ್‌ಗಳನ್ನು ನೋಡಿ, ಆಮೇಲೆ 'ಸಿಸ್.ಪಾತ್' ಎಂಬ ಪಟ್ಟಿಯಲ್ಲಿರುವ ಫೋಲ್ಡರ್‌ಗಳನ್ನು ಒಂದೊಂದಾಗಿ ಹುಡುಕುತ್ತದೆ. ಈ ಪಟ್ಟಿಯ ತಲೆಯಲ್ಲಿ ನೀವು ಓಡಿಸಿದ ಫೈಲ್ ಇರುವ ಫೋಲ್ಡರ್ ಇರುತ್ತದೆ. ಅನಂತರ 'ಪೈಥಾನ್‌ಪಾತ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ನೀಡಿದ ಫೋಲ್ಡರ್‌ಗಳು, ಪೈಥಾನ್ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿ, ಮತ್ತು ಕೊನೆಯಲ್ಲಿ ಪಿಪ್ ಇನ್‌ಸ್ಟಾಲ್ ಮಾಡುವ 'ಸೈಟ್-ಪ್ಯಾಕೇಜಸ್' ಫೋಲ್ಡರ್ ಬರುತ್ತವೆ. ಮೊದಲು ಎಲ್ಲಿ ಸಿಕ್ಕಿತೋ ಅಲ್ಲಿಗೆ ಹುಡುಕಾಟ ನಿಲ್ಲುತ್ತದೆ. ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದಿನ ಹಲವು ತೊಡಕುಗಳು ಇದರಿಂದಲೇ ಹುಟ್ಟುತ್ತವೆ.

ಹಂತ 1: ದೋಷ ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಿ

ದೋಷ ಸಂಭವಿಸಿದಾಗ ಪೈಥಾನ್ ಮುದ್ರಿಸುವ ಉದ್ದನೆಯ ಪಟ್ಟಿಗೆ ಟ್ರೇಸ್‌ಬ್ಯಾಕ್ ಎನ್ನುತ್ತಾರೆ. ಯಾವ ಫೈಲ್‌ನ ಎಷ್ಟನೆಯ ಸಾಲಿನಿಂದ ಯಾವುದಕ್ಕೆ ಕರೆ ಹೋಯಿತು ಎಂಬುದರ ಜಾಡು ಅದು. ಅದರ ಕಟ್ಟಕಡೆಯ ಸಾಲಿನಲ್ಲಿ ದೋಷದ ಬಗೆ ಮತ್ತು ಹೆಸರು ಇರುತ್ತದೆ. ಅದಕ್ಕೆ ಸ್ವಲ್ಪ ಮೇಲೆ, ಆ ಇಂಪೋರ್ಟ್ ಸಾಲು ಯಾವ ಫೈಲ್‌ನಲ್ಲಿದೆ ಎಂಬ ವಿವರವಿರುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ.

ದೋಷದ ಬಗೆಯೇ ಅರ್ಧ ಉತ್ತರ ಕೊಡುತ್ತದೆ. 'ಮಾಡ್ಯೂಲ್‌ನಾಟ್‌ಫೌಂಡ್‌ಎರರ್' ಎಂದಿದ್ದರೆ ಆ ಹೆಸರಿನ ಮಾಡ್ಯೂಲ್ ಪೈಥಾನ್‌ಗೆ ಸಿಗಲಿಲ್ಲ ಎಂದು ಅರ್ಥ. ಪೈಥಾನ್ 3.6ರಲ್ಲಿ ಸೇರಿದ ಈ ಬಗೆ 'ಇಂಪೋರ್ಟ್‌ಎರರ್' ಎಂಬುದರ ಉಪವರ್ಗ. ಬರೀ 'ಇಂಪೋರ್ಟ್‌ಎರರ್' ಬಂದು, ಜೊತೆಗೆ 'ಕೆನಾಟ್ ಇಂಪೋರ್ಟ್ ನೇಮ್' ಎಂದಿದ್ದರೆ ಮಾಡ್ಯೂಲ್ ಸಿಕ್ಕಿದೆ, ಅದರೊಳಗೆ ನೀವು ಕೇಳಿದ ಹೆಸರು ಮಾತ್ರ ಇಲ್ಲ. ಇವೆರಡನ್ನು ಒಂದೇ ಎಂದುಕೊಂಡು, ಎರಡನೆಯದಕ್ಕೂ ಇನ್‌ಸ್ಟಾಲ್ ಮಾಡುತ್ತಾ ಕೂರುವವರು ಬಹಳ. ಸಂದೇಶದಲ್ಲಿ 'ಪಾರ್ಷಿಯಲಿ ಇನಿಷಿಯಲೈಸ್ಡ್ ಮಾಡ್ಯೂಲ್' ಎಂಬ ಮಾತಿದ್ದರೆ ನೇರವಾಗಿ 6ನೆಯ ಹಂತಕ್ಕೆ ಹೋಗಿ. 'ಈಸ್ ನಾಟ್ ಎ ಪ್ಯಾಕೇಜ್' ಎಂದಿದ್ದರೆ 4ನೆಯ ಹಂತಕ್ಕೆ. '.ಎಸ್‌ಒ' ಎಂಬ ತುಣುಕಿರುವ ಫೈಲ್ ಹೆಸರು ತೆರೆಯಲಾಗಲಿಲ್ಲ ಎಂದಿದ್ದರೆ 9ನೆಯ ಹಂತಕ್ಕೆ.

ಸಿಗದ ಹೆಸರು ನಿಮ್ಮ ಸ್ವಂತ ಮಾಡ್ಯೂಲೋ ಹೊರಗಿನ ಲೈಬ್ರರಿಯೋ ಎಂಬುದನ್ನು ಗಮನಿಸಿ. ದೋಷ ಹುಟ್ಟಿದ ಫೈಲ್ ನಿಮ್ಮದೋ ಅಥವಾ ಸೈಟ್-ಪ್ಯಾಕೇಜಸ್‌ನೊಳಗಿನದೋ ಎಂಬುದನ್ನೂ ನೋಡಿ. ಲೈಬ್ರರಿಯ ಒಳಗಿನ ಫೈಲ್‌ನಲ್ಲಿ ದೋಷ ಬಂದಿದ್ದರೆ ನಿಮ್ಮ ಕೋಡ್‌ಗಿಂತ ಆವೃತ್ತಿಗಳ ಹೊಂದಾಣಿಕೆಯ ಮೇಲೆ ಮೊದಲು ಸಂಶಯಪಡಬೇಕು.

ಎಚ್ಚರಿಕೆ: ಕೆಲವು ಕೋಡ್‌ಗಳಲ್ಲಿ ಇಂಪೋರ್ಟ್ ಸಾಲನ್ನು 'ಟ್ರೈ–ಎಕ್ಸೆಪ್ಟ್' ನಡುವೆ ಇಟ್ಟು, ನಿಜವಾದ ದೋಷವನ್ನು ನುಂಗಿ, ಬೇರೆಯದೇ ಸಂದೇಶ ತೋರಿಸುವ ಪದ್ಧತಿಯಿದೆ. ಹಾಗಿದ್ದಲ್ಲಿ ಆ ಟ್ರೈಯನ್ನು ತಾತ್ಕಾಲಿಕವಾಗಿ ತೆಗೆದು ಓಡಿಸಿ. ಮರೆಯಲ್ಲಿದ್ದ ಮೂಲ ದೋಷ ಆಗ ಕಾಣುತ್ತದೆ.

ಹಂತ 2: ಯಾವ ಪೈಥಾನ್ ಎಂದು ಖಚಿತಪಡಿಸಿಕೊಳ್ಳಿ

ಒಂದೇ ಗಣಕದಲ್ಲಿ ನಾಲ್ಕಾರು ಪೈಥಾನ್‌ಗಳಿರುವುದು ಸಾಮಾನ್ಯ. ಆಪರೇಟಿಂಗ್ ಸಿಸ್ಟಂ ಜೊತೆ ಬಂದದ್ದು ಒಂದು, ನೀವು ಇಳಿಸಿಕೊಂಡದ್ದು ಒಂದು, ಪ್ರತಿಯೊಂದು ಪ್ರಾಜೆಕ್ಟ್‌ಗೂ ಮಾಡಿಕೊಂಡ ವರ್ಚುವಲ್ ಎನ್ವಿರಾನ್‌ಮೆಂಟ್‌ಗಳು ಬೇರೆ. ವರ್ಚುವಲ್ ಎನ್ವಿರಾನ್‌ಮೆಂಟ್ ಎಂದರೆ ಒಂದು ಪ್ರಾಜೆಕ್ಟ್‌ಗೆ ಮಾತ್ರ ಮೀಸಲಾದ, ತನ್ನದೇ ಸೈಟ್-ಪ್ಯಾಕೇಜಸ್ ಇರುವ ಫೋಲ್ಡರ್; ಇದನ್ನು ಮಾಡುವ 'ವೆನ್ವ್' ಸಾಧನ ಪೈಥಾನ್ 3.3ರಿಂದ ಜೊತೆಗೇ ಬರುತ್ತಿದೆ. ಪಿಪ್ ಒಂದು ಪೈಥಾನ್‌ಗೆ ಸೇರಿದ್ದು, ಅಪ್ಲಿಕೇಶನ್ ಓಡುತ್ತಿರುವುದು ಮತ್ತೊಂದರಲ್ಲಿ ಎಂದಾದರೆ ನೀವು ನೂರು ಸಲ ಇನ್‌ಸ್ಟಾಲ್ ಮಾಡಿದರೂ ಫಲವಿಲ್ಲ.

ಮೊದಲು ಟರ್ಮಿನಲ್‌ನಲ್ಲಿ ಪೈಥಾನ್ ತೆರೆದು, 'ಸಿಸ್' ಅನ್ನು ಇಂಪೋರ್ಟ್ ಮಾಡಿ, 'ಸಿಸ್.ಎಕ್ಸಿಕ್ಯೂಟೆಬಲ್' ಎಂಬುದನ್ನು ಮುದ್ರಿಸಿ. ಈಗ ಓಡುತ್ತಿರುವ ಪೈಥಾನ್ ಇರುವ ಜಾಗವನ್ನು ಅದು ತೋರಿಸುತ್ತದೆ. ಬಳಿಕ 'ಪಿಪ್ --ವರ್ಷನ್' ಎಂದು ಕೊಡಿ. ಆ ಪಿಪ್ ಯಾವ ಫೋಲ್ಡರ್‌ನಲ್ಲಿದೆ, ಯಾವ ಪೈಥಾನ್ ಆವೃತ್ತಿಗೆ ಸೇರಿದೆ ಎಂಬುದು ಅದರ ಉತ್ತರದಲ್ಲಿಯೇ ಇರುತ್ತದೆ. ಎರಡೂ ಒಂದೇ ಎನ್ವಿರಾನ್‌ಮೆಂಟ್‌ನವಲ್ಲದಿದ್ದರೆ ಕಾರಣ ಸಿಕ್ಕಿತೆಂದೇ ತಿಳಿಯಿರಿ. ಮುಂದೆ ಹೀಗಾಗದಂತೆ ಬರೀ 'ಪಿಪ್ ಇನ್‌ಸ್ಟಾಲ್' ಎನ್ನುವ ಬದಲು 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್' ಎಂದು ಬಳಸುವ ರೂಢಿ ಮಾಡಿಕೊಳ್ಳಿ. ಯಾವ ಪೈಥಾನ್ ಹೆಸರಿಟ್ಟು ಕರೆದಿರೋ ಅದರ ಪಿಪ್ಪೇ ಆಗ ಓಡುತ್ತದೆ.

ಆದರೆ ಟರ್ಮಿನಲ್‌ನಲ್ಲಿ ಕಂಡದ್ದು ವೆಬ್ ಸರ್ವರ್ ಕಾಣುವುದಕ್ಕಿಂತ ಬೇರೆಯಿರಬಹುದು. ಎನ್ವಿರಾನ್‌ಮೆಂಟನ್ನು 'ಆ್ಯಕ್ಟಿವೇಟ್' ಮಾಡುವುದರ ಪರಿಣಾಮ ನೀವು ತೆರೆದಿರುವ ಆ ಒಂದು ಟರ್ಮಿನಲ್‌ಗಷ್ಟೇ ಸೀಮಿತ. ಹಿನ್ನೆಲೆಯಲ್ಲಿ ಓಡುವ ಸೇವೆಗೆ ಅದು ಗೊತ್ತೇ ಇರುವುದಿಲ್ಲ. ಆದ್ದರಿಂದ ಅಪ್ಲಿಕೇಶನ್ ಆರಂಭವಾಗುವ ಫೈಲ್‌ನ ಮೊದಲ ಸಾಲುಗಳಲ್ಲಿಯೇ 'ಸಿಸ್.ಎಕ್ಸಿಕ್ಯೂಟೆಬಲ್', 'ಸಿಸ್.ಪಾತ್' ಮತ್ತು 'ಓಎಸ್.ಗೆಟ್‌ಸಿಡಬ್ಲ್ಯುಡಿ' ಎಂಬ ಮೂರನ್ನೂ ಲಾಗ್‌ಗೆ ಮುದ್ರಿಸಿ. ಕೊನೆಯದು ಪ್ರೋಗ್ರಾಂ ಈಗ ಯಾವ ಫೋಲ್ಡರ್‌ನಲ್ಲಿ ನಿಂತು ಓಡುತ್ತಿದೆ ಎಂಬುದನ್ನು ಹೇಳುತ್ತದೆ. ಇಡೀ ಲೇಖನದಲ್ಲಿ ಒಂದೇ ಒಂದು ಉಪಾಯವನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಈ ಮಾಹಿತಿಯನ್ನು ಬ್ರೌಸರ್ ಪುಟದಲ್ಲಿ ಎಂದಿಗೂ ತೋರಿಸಬೇಡಿ, ಕೆಲಸವಾದ ಮೇಲೆ ಆ ಸಾಲುಗಳನ್ನು ತೆಗೆದುಬಿಡಿ. ಸರ್ವರ್‌ನ ಒಳರಚನೆ ಹೊರಗಿನವರಿಗೆ ಕಾಣಬಾರದು.

ಇಲ್ಲಿ ಜನ ಎಡವುವ ಜಾಗಗಳು ಮೂರು. ನಿರ್ವಾಹಕರ ಅಧಿಕಾರ ಕೊಡುವ 'ಸೂಡೂ' ಸೇರಿಸಿ ಪಿಪ್ ಓಡಿಸಿದರೆ ಆ್ಯಕ್ಟಿವೇಟ್ ಆದ ಎನ್ವಿರಾನ್‌ಮೆಂಟ್ ಬದಿಗೆ ಸರಿದು, ಸಾಮಾನ್ಯವಾಗಿ ಸಿಸ್ಟಂ ಪೈಥಾನ್‌ಗೆ ಇನ್‌ಸ್ಟಾಲ್ ಆಗುತ್ತದೆ. ಎನ್ವಿರಾನ್‌ಮೆಂಟ್ ಇರುವ ಫೋಲ್ಡರ್‌ಗೆ ಬೇರೆ ಹೆಸರಿಟ್ಟರೆ ಅಥವಾ ಅದನ್ನು ಬೇರೆಡೆಗೆ ಸಾಗಿಸಿದರೆ, ಅದರೊಳಗಿನ ಪಿಪ್ ಮುಂತಾದ ಕಮಾಂಡ್‌ಗಳಲ್ಲಿ ಹಳೆಯ ಪೂರ್ಣ ವಿಳಾಸವೇ ಉಳಿದಿರುವುದರಿಂದ ಅವು ಕೆಡುತ್ತವೆ. ಅದನ್ನು ತೇಪೆ ಹಾಕುವುದಕ್ಕಿಂತ ಅಳಿಸಿ ಹೊಸದಾಗಿ ಮಾಡುವುದೇ ಲೇಸು. ಮೂರನೆಯದಾಗಿ, ಡೆಬಿಯನ್ 12ರಂತಹ ಹೊಸ ಲಿನಕ್ಸ್ ವಿತರಣೆಗಳಲ್ಲಿ ಸಿಸ್ಟಂ ಪೈಥಾನ್‌ಗೆ ಪಿಪ್ ಮೂಲಕ ಇನ್‌ಸ್ಟಾಲ್ ಮಾಡಹೊರಟರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಎಂದು ತಡೆಯುತ್ತದೆ. ಆ ತಡೆಯನ್ನು ಮುರಿಯುವ '--ಬ್ರೇಕ್-ಸಿಸ್ಟಂ-ಪ್ಯಾಕೇಜಸ್' ಎಂಬ ಆಯ್ಕೆಯ ಹೆಸರಿನಲ್ಲಿಯೇ ಅಪಾಯ ಬರೆದಿದೆ, ವೆನ್ವ್ ಮಾಡಿಕೊಳ್ಳಿ.

ಹಂತ 3: ಇನ್‌ಸ್ಟಾಲ್ ಮಾಡುವ ಹೆಸರೂ ಇಂಪೋರ್ಟ್ ಮಾಡುವ ಹೆಸರೂ ಒಂದೇ ಎಂದು ನಂಬಬೇಡಿ

ಪಿಲ್ಲೋ ಎಂಬ ಹೆಸರಿನಲ್ಲಿ ಇನ್‌ಸ್ಟಾಲ್ ಮಾಡಿದ ಚಿತ್ರಸಂಸ್ಕರಣೆಯ ಲೈಬ್ರರಿಯನ್ನು 'ಪಿಐಎಲ್' ಎಂದು ಇಂಪೋರ್ಟ್ ಮಾಡಬೇಕು. ಪೈಯಾಮಲ್ ಎಂಬುದನ್ನು 'ಯಾಮಲ್' ಎಂದು, ಬ್ಯೂಟಿಫುಲ್‌ಸೂಪ್4 ಎಂಬುದನ್ನು 'ಬಿಎಸ್4' ಎಂದು, ಪೈಥಾನ್-ಡಾಟ್‌ಎನ್ವ್ ಎಂಬುದನ್ನು 'ಡಾಟ್‌ಎನ್ವ್' ಎಂದು, ಸೈಕಿಟ್-ಲರ್ನ್ ಎಂಬುದನ್ನು 'ಎಸ್‌ಕೆಲರ್ನ್' ಎಂದು ಕರೆಯಬೇಕು. ವೆಬ್ ಅಪ್ಲಿಕೇಶನ್ ಕಟ್ಟುವ ಚೌಕಟ್ಟಾದ ಜಾಂಗೋ ಬಳಸುವವರು ಇನ್‌ಸ್ಟಾಲ್ ಮಾಡುವುದು 'ಜಾಂಗೋರೆಸ್ಟ್‌ಫ್ರೇಮ್‌ವರ್ಕ್', ಸೆಟ್ಟಿಂಗ್ಸ್‌ನಲ್ಲಿ ಬರೆಯುವುದು 'ರೆಸ್ಟ್_ಫ್ರೇಮ್‌ವರ್ಕ್'. ಟೋಕನ್ ಪರಿಶೀಲನೆಗೆ ಬಳಸುವ ಪೈಜೆಡಬ್ಲ್ಯುಟಿಯನ್ನು ಇಂಪೋರ್ಟ್ ಮಾಡುವುದು 'ಜೆಡಬ್ಲ್ಯುಟಿ' ಎಂದು. ಇದೇ ಹೆಸರಿನ ಬೇರೊಂದು ಪ್ಯಾಕೇಜ್ ಕೂಡ ಇರುವುದರಿಂದ ತಪ್ಪಾದುದನ್ನು ಇನ್‌ಸ್ಟಾಲ್ ಮಾಡಿಕೊಂಡು ಪೇಚಾಡುವವರಿದ್ದಾರೆ. ದೋಷದಲ್ಲಿ ಕಂಡ ಹೆಸರನ್ನೇ ಯೋಚಿಸದೆ ಪಿಪ್‌ಗೆ ಕೊಡುವುದು ಅಪಾಯಕಾರಿಯೂ ಹೌದು, ಏಕೆಂದರೆ ಜನಪ್ರಿಯ ಹೆಸರುಗಳನ್ನು ಹೋಲುವ ಹೆಸರಿಟ್ಟು ಹಾನಿಕಾರಕ ಪ್ಯಾಕೇಜ್‌ಗಳನ್ನು ಹರಿಯಬಿಡುವವರಿದ್ದಾರೆ. ಲೈಬ್ರರಿಯ ಅಧಿಕೃತ ದಾಖಲೆಯಲ್ಲಿ ಹೆಸರನ್ನು ನೋಡಿ ಆಮೇಲೆ ಇನ್‌ಸ್ಟಾಲ್ ಮಾಡಿ. 'ಪೈಥಾನ್ -ಎಂ ಪಿಪ್ ಶೋ -ಎಫ್' ಎಂದು ಪ್ಯಾಕೇಜಿನ ಹೆಸರು ಕೊಟ್ಟರೆ ಅದು ಯಾವ ಫೈಲ್‌ಗಳನ್ನು ತಂದಿಟ್ಟಿದೆ ಎಂಬ ಪಟ್ಟಿಯೇ ಸಿಗುತ್ತದೆ. ಇಂಪೋರ್ಟ್ ಹೆಸರು ಅಲ್ಲಿ ಕಾಣುತ್ತದೆ.

ಹಂತ 4: ನಿಮ್ಮದೇ ಫೈಲ್ ಅಡ್ಡ ನಿಂತಿದೆಯೇ ನೋಡಿ

ಫ್ಲಾಸ್ಕ್ ಎಂಬ ಇನ್ನೊಂದು ವೆಬ್ ಚೌಕಟ್ಟನ್ನು ಕಲಿಯಲು ಹೊರಟು ಮೊದಲ ಫೈಲ್‌ಗೆ 'ಫ್ಲಾಸ್ಕ್.ಪೈ' ಎಂದೇ ಹೆಸರಿಡುವುದು, ಇಮೇಲ್ ಕಳುಹಿಸುವ ಕೋಡನ್ನು 'ಇಮೇಲ್.ಪೈ' ಎಂಬ ಫೈಲ್‌ನಲ್ಲಿ ಬರೆಯುವುದು ಸಹಜವಾಗಿ ಆಗುವ ತಪ್ಪು. ಓಡಿಸಿದ ಫೈಲ್ ಇರುವ ಫೋಲ್ಡರ್ ಸಿಸ್.ಪಾತ್‌ನ ತಲೆಯಲ್ಲಿರುತ್ತದೆ ಎಂದೆನಲ್ಲವೇ? ಹಾಗಾಗಿ ನಿಜವಾದ ಲೈಬ್ರರಿಗಿಂತ ಮೊದಲು ನಿಮ್ಮ ಫೈಲೇ ಸಿಗುತ್ತದೆ, ಪೈಥಾನ್ ಅದರಲ್ಲಿಯೇ 'ಫ್ಲಾಸ್ಕ್' ಎಂಬ ಕ್ಲಾಸನ್ನು ಹುಡುಕಿ ಸೋಲುತ್ತದೆ. ಇಮೇಲ್ ಎಂಬುದು ಸ್ಟ್ಯಾಂಡರ್ಡ್ ಲೈಬ್ರರಿಯ ಪ್ಯಾಕೇಜ್. ಅದನ್ನು ಬೇರೆ ಹಲವು ಮಾಡ್ಯೂಲ್‌ಗಳು ಒಳಗೊಳಗೇ ಬಳಸುವುದರಿಂದ ನೀವು ಎಂದೂ ಮುಟ್ಟದ ಯಾವುದೋ ಫೈಲ್‌ನಲ್ಲಿ ದೋಷ ಸಿಡಿಯುತ್ತದೆ.

ಪತ್ತೆ ಸುಲಭ. ಮಾಡ್ಯೂಲನ್ನು ಇಂಪೋರ್ಟ್ ಮಾಡಿ ಅದರ '__ಫೈಲ್__' ಎಂಬ ಗುಣವನ್ನು ಮುದ್ರಿಸಿದರೆ ಅದು ಎಲ್ಲಿಂದ ಬಂದಿತೆಂಬುದು ಗೊತ್ತಾಗುತ್ತದೆ. ನಿಮ್ಮ ಪ್ರಾಜೆಕ್ಟ್ ಫೋಲ್ಡರ್ ಕಂಡರೆ ಫೈಲ್‌ನ ಹೆಸರು ಬದಲಿಸಿ. ಪೈಥಾನ್ 3.13ರಿಂದ ಈಚೆಗೆ ಇಂಥ ಹಲವು ಸಂದರ್ಭಗಳಲ್ಲಿ, ನಿಮ್ಮ ಫೈಲ್‌ಗೆ ಬೇರೆ ಹೆಸರಿಡಿ ಎಂಬ ಸಲಹೆ ದೋಷ ಸಂದೇಶದಲ್ಲಿಯೇ ಬರುತ್ತದೆ.

ಹಂತ 5: ಸಿಗದಿರುವುದು ನಿಮ್ಮ ಸ್ವಂತ ಮಾಡ್ಯೂಲ್ ಆದರೆ

ಪ್ರಾಜೆಕ್ಟ್‌ನ ಬೇರು ಫೋಲ್ಡರ್‌ನಲ್ಲಿ, ಅಂದರೆ ಎಲ್ಲಕ್ಕೂ ಹೊರಗಿನ ಫೋಲ್ಡರ್‌ನಲ್ಲಿ, 'ಅಂಗಡಿ' ಎಂಬ ಪ್ಯಾಕೇಜ್ ಇದೆ, ಅದರೊಳಗೆ 'ಮಾಡೆಲ್ಸ್' ಮತ್ತು 'ವರದಿ' ಎಂಬ ಎರಡು ಫೈಲ್‌ಗಳಿವೆ, ವರದಿಯಲ್ಲಿ 'ಫ್ರಂ ಅಂಗಡಿ.ಮಾಡೆಲ್ಸ್ ಇಂಪೋರ್ಟ್ ಬಿಲ್' ಎಂದು ಬರೆದಿದ್ದೀರಿ ಎಂದುಕೊಳ್ಳೋಣ. ನೀವು 'ಪೈಥಾನ್ ಅಂಗಡಿ/ವರದಿ.ಪೈ' ಎಂದು ಓಡಿಸಿದರೆ ಸಿಸ್.ಪಾತ್‌ನ ತಲೆಗೆ ಬರುವುದು ಅಂಗಡಿ ಎಂಬ ಒಳಫೋಲ್ಡರ್, ಅದರ ಹೊರಗಿರುವ ಬೇರು ಫೋಲ್ಡರ್ ಅಲ್ಲ. ಅಂಗಡಿಯ ಒಳಗೆ ನಿಂತು ಅಂಗಡಿಯನ್ನು ಹುಡುಕಿದರೆ ಅದು ಸಿಗುವುದಾದರೂ ಹೇಗೆ? ಬೇರು ಫೋಲ್ಡರ್‌ನಲ್ಲಿದ್ದುಕೊಂಡು 'ಪೈಥಾನ್ -ಎಂ ಅಂಗಡಿ.ವರದಿ' ಎಂದು ಓಡಿಸಿ. '-ಎಂ' ಬಳಸಿದಾಗ ನೀವು ನಿಂತಿರುವ ಫೋಲ್ಡರ್ ಪಟ್ಟಿಯ ತಲೆಗೆ ಬರುತ್ತದೆ, ಇಂಪೋರ್ಟ್ ನಡೆಯುತ್ತದೆ.

ಚುಕ್ಕೆಯಿಂದ ಶುರುವಾಗುವ ರಿಲೇಟಿವ್ ಇಂಪೋರ್ಟ್, ಅಂದರೆ 'ಇದೇ ಪ್ಯಾಕೇಜಿನ ಒಳಗಿನ ಮಾಡ್ಯೂಲ್' ಎಂದು ಸೂಚಿಸುವ ಬರವಣಿಗೆಯಲ್ಲಿ 'ನೋ ನೋನ್ ಪೇರೆಂಟ್ ಪ್ಯಾಕೇಜ್' ಎಂಬ ದೋಷ ಬರುವುದಕ್ಕೂ ಕಾರಣ ಇದೇ, ಪರಿಹಾರವೂ ಇದೇ. ಪರೀಕ್ಷೆಗಳನ್ನು ಓಡಿಸುವಾಗ ಮಾತ್ರ ದೋಷ ಬಂದರೆ 'ಪೈಟೆಸ್ಟ್' ಎನ್ನುವ ಬದಲು 'ಪೈಥಾನ್ -ಎಂ ಪೈಟೆಸ್ಟ್' ಎಂದು ಓಡಿಸಿ ನೋಡಿ.

ಪ್ಯಾಕೇಜಿನ ಪ್ರತಿಯೊಂದು ಫೋಲ್ಡರ್‌ನಲ್ಲಿ '__ಇನಿಟ್__.ಪೈ' ಎಂಬ ಫೈಲ್ ಇರಬೇಕೇ ಎಂಬ ಪ್ರಶ್ನೆಯೂ ಬರುತ್ತಿರುತ್ತದೆ. ಪೈಥಾನ್ 3.3ರಿಂದ ಅದಿಲ್ಲದ ಫೋಲ್ಡರನ್ನೂ ನೇಮ್‌ಸ್ಪೇಸ್ ಪ್ಯಾಕೇಜ್ ಎಂಬ ಬಗೆಯಲ್ಲಿ ಇಂಪೋರ್ಟ್ ಮಾಡಬಹುದು. ಆದರೂ ಖಾಲಿಯಾಗಿಯೇ ಇರಲಿ, ಅದನ್ನು ಇಡುವುದು ಒಳ್ಳೆಯದೆಂದು ನನ್ನ ಸಲಹೆ. ಹಲವು ಸಾಧನಗಳು ಆ ಫೈಲ್ ಇದ್ದರೆ ಮಾತ್ರ ಫೋಲ್ಡರನ್ನು ಪ್ಯಾಕೇಜ್ ಎಂದು ಗುರುತಿಸುತ್ತವೆ.

ಎಚ್ಚರಿಕೆ: ಕೋಡ್‌ನೊಳಗೆ 'ಸಿಸ್.ಪಾತ್.ಅಪೆಂಡ್' ಎಂದು ಬರೆದು ಫೋಲ್ಡರ್ ಸೇರಿಸುವುದು ಬಹು ಪ್ರಚಲಿತ ಉಪಾಯ. ಇದರಿಂದ ದೋಷ ಮಾಯವಾಗುತ್ತದೆ, ನಿಜ. ಆದರೆ ಒಂದೇ ಫೈಲ್ ಎರಡು ದಾರಿಯಲ್ಲಿ, ಎರಡು ಹೆಸರುಗಳಲ್ಲಿ ಲೋಡ್ ಆಗುವ ಸಾಧ್ಯತೆಗೆ ಬಾಗಿಲು ತೆರೆದಂತಾಗುತ್ತದೆ. ಆಗ ಒಂದೇ ಕ್ಲಾಸಿನ ಎರಡು ಪ್ರತಿಗಳು ಹುಟ್ಟಿ, ನೋಡಲು ಒಂದೇ ಆದ ವಸ್ತುಗಳು ಹೋಲಿಕೆಯಲ್ಲಿ ಬೇರೆಯಾಗುತ್ತವೆ. ಪ್ರಾಜೆಕ್ಟ್‌ಗೆ 'ಪೈಪ್ರಾಜೆಕ್ಟ್.ಟಾಮಲ್' ಎಂಬ ವಿವರಣಾ ಫೈಲ್ ಬರೆದು, 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ -ಇ .' ಎಂದು ಅದನ್ನೇ ಎನ್ವಿರಾನ್‌ಮೆಂಟ್‌ಗೆ ಜೋಡಿಸುವುದು ಶಾಶ್ವತ ಪರಿಹಾರ. ಕೋಡ್ ತಿದ್ದಿದಾಗಲೆಲ್ಲ ಮರು ಇನ್‌ಸ್ಟಾಲ್ ಬೇಕಾಗುವುದಿಲ್ಲ.

ಹಂತ 6: ಸುತ್ತುವ ಇಂಪೋರ್ಟ್‌ಗಳನ್ನು ಬಿಡಿಸಿ

ಒಂದು ಮಾಡ್ಯೂಲ್ ಎರಡನೆಯದನ್ನು, ಎರಡನೆಯದು ಮತ್ತೆ ಮೊದಲನೆಯದನ್ನು ಇಂಪೋರ್ಟ್ ಮಾಡುವುದೇ ಸರ್ಕ್ಯುಲರ್ ಇಂಪೋರ್ಟ್. ವೆಬ್ ಅಪ್ಲಿಕೇಶನ್‌ಗಳಲ್ಲಿ ಇದು ಬೇರೆಡೆಗಿಂತ ಹೆಚ್ಚು. ಫ್ಲಾಸ್ಕ್‌ನಲ್ಲಿ ಆಗುವುದನ್ನು ನಿಧಾನವಾಗಿ ನೋಡೋಣ. 'ಆ್ಯಪ್.ಪೈ' ಫೈಲ್‌ನಲ್ಲಿ ಅಪ್ಲಿಕೇಶನ್ ವಸ್ತುವನ್ನೂ 'ಡಿಬಿ' ಎಂಬ ಡೇಟಾಬೇಸ್ ವಸ್ತುವನ್ನೂ ಸೃಷ್ಟಿಸಿ, ಆಮೇಲೆ 'ಮಾಡೆಲ್ಸ್' ಫೈಲ್‌ನಿಂದ 'ಯೂಸರ್' ಕ್ಲಾಸನ್ನು ಇಂಪೋರ್ಟ್ ಮಾಡಿದ್ದೀರಿ. ಮಾಡೆಲ್ಸ್‌ಗೆ ಡಿಬಿ ಬೇಕಾದ್ದರಿಂದ ಅದು ಆ್ಯಪ್‌ನಿಂದ ಡಿಬಿಯನ್ನು ಇಂಪೋರ್ಟ್ ಮಾಡುತ್ತದೆ. ನೀವು 'ಪೈಥಾನ್ ಆ್ಯಪ್.ಪೈ' ಎಂದು ಓಡಿಸಿದಾಗ ಆ ಫೈಲ್‌ನ ಹೆಸರು 'ಆ್ಯಪ್' ಅಲ್ಲ, '__ಮೇನ್__' ಎಂದಾಗಿರುತ್ತದೆ. ಮಾಡೆಲ್ಸ್ ಬಂದು 'ಆ್ಯಪ್' ಎಂದು ಕೇಳಿದಾಗ ಸಿಸ್.ಮಾಡ್ಯೂಲ್ಸ್ ಪಟ್ಟಿಯಲ್ಲಿ ಆ ಹೆಸರಿಲ್ಲ. ಆದ್ದರಿಂದ ಪೈಥಾನ್ ಅದೇ ಫೈಲನ್ನು ಎರಡನೆಯ ಸಲ ಮೊದಲಿನಿಂದ ಓಡಿಸುತ್ತದೆ. ಈ ಎರಡನೆಯ ಓಟ ಯೂಸರ್‌ಗಾಗಿ ಮಾಡೆಲ್ಸ್‌ಗೆ ಹೋದರೆ, ಮಾಡೆಲ್ಸ್ ಇನ್ನೂ ತನ್ನ ಮೊದಲ ಸಾಲಿನಲ್ಲಿಯೇ ಕಾಯುತ್ತಿದೆ, ಯೂಸರ್ ಇನ್ನೂ ಹುಟ್ಟಿಲ್ಲ. 'ಪಾರ್ಷಿಯಲಿ ಇನಿಷಿಯಲೈಸ್ಡ್', ಅಂದರೆ ಅರ್ಧ ಮಾತ್ರ ಸಿದ್ಧವಾದ ಮಾಡ್ಯೂಲ್ ಎಂಬ ಮಾತು ಬರುವುದು ಇಲ್ಲಿ.

ಪರಿಹಾರವೆಂದರೆ ಇಬ್ಬರಿಗೂ ಬೇಕಾದುದನ್ನು ಮೂರನೆಯ ಜಾಗದಲ್ಲಿಡುವುದು. 'ಎಕ್ಸ್‌ಟೆನ್ಶನ್ಸ್.ಪೈ' ಎಂಬ ಬೇರೆ ಫೈಲ್‌ನಲ್ಲಿ ಡಿಬಿಯನ್ನು ಅಪ್ಲಿಕೇಶನ್ನಿನ ಹಂಗಿಲ್ಲದೆ ಸೃಷ್ಟಿಸಿ. ಮಾಡೆಲ್ಸ್ ಅಲ್ಲಿಂದ ಡಿಬಿಯನ್ನು ಪಡೆಯಲಿ. ಅಪ್ಲಿಕೇಶನ್ ವಸ್ತುವನ್ನು 'ಕ್ರಿಯೇಟ್_ಆ್ಯಪ್' ಎಂಬ ಫಂಕ್ಷನ್‌ನೊಳಗೆ ಕಟ್ಟಿ, ಅಲ್ಲಿಯೇ 'ಡಿಬಿ.ಇನಿಟ್_ಆ್ಯಪ್' ಕರೆದು ಎರಡನ್ನೂ ಜೋಡಿಸಿ. ಇದಕ್ಕೆ ಆ್ಯಪ್ಲಿಕೇಶನ್ ಫ್ಯಾಕ್ಟರಿ ಎಂಬ ಹೆಸರಿದೆ.

ಜಾಂಗೋದಲ್ಲಿ ಎರಡು ಆ್ಯಪ್‌ಗಳ ಮಾಡೆಲ್‌ಗಳು ಪರಸ್ಪರ 'ಫಾರಿನ್‌ಕೀ' ಸಂಬಂಧ ಹೊಂದಿದಾಗ ಇದು ತಲೆದೋರುತ್ತದೆ. ಅಲ್ಲಿ ಇಂಪೋರ್ಟ್ ಮಾಡುವ ಅಗತ್ಯವೇ ಇಲ್ಲ, 'ಆ್ಯಪ್‌ಹೆಸರು.ಮಾಡೆಲ್‌ಹೆಸರು' ಎಂದು ಉದ್ಧರಣ ಚಿಹ್ನೆಯೊಳಗೆ ಅಕ್ಷರರೂಪದಲ್ಲಿ ಕೊಟ್ಟರೆ ಜಾಂಗೋ ತಾನೇ ಆಮೇಲೆ ಹುಡುಕಿಕೊಳ್ಳುತ್ತದೆ. ಸಿಗ್ನಲ್‌ಗಳ ಇಂಪೋರ್ಟನ್ನು 'ಆ್ಯಪ್‌ಕಾನ್ಫಿಗ್' ಕ್ಲಾಸಿನ 'ರೆಡಿ' ಎಂಬ ಮೆಥಡ್‌ನೊಳಗೆ ಇಡಿ. ಟೈಪ್ ಸೂಚನೆಗಳಿಗಾಗಿ ಮಾತ್ರ ಇಂಪೋರ್ಟ್ ಬೇಕಿದ್ದರೆ 'ಟೈಪಿಂಗ್' ಮಾಡ್ಯೂಲ್‌ನ 'ಟೈಪ್_ಚೆಕಿಂಗ್' ಎಂಬ ಷರತ್ತಿನ ಕೆಳಗೆ ಬರೆದು, ಆ ಸೂಚನೆಗಳನ್ನು ಉದ್ಧರಣ ಚಿಹ್ನೆಯೊಳಗೆ ಕೊಡಿ. ಇಂಪೋರ್ಟ್ ಸಾಲನ್ನು ಫಂಕ್ಷನ್‌ನೊಳಗೆ ಇಳಿಸಿ ಕೆಲಸ ಸಾಗಿಸುವುದೂ ಉಂಟು. ಅದು ತಪ್ಪೇನಲ್ಲ, ಆದರೆ ಅಂಥವು ಐದಾರಾದಾಗ ಕೋಡ್‌ನ ವಿಂಗಡಣೆಯೇ ಸರಿಯಿಲ್ಲವೆಂದು ತಿಳಿಯಬೇಕು.

ಹಂತ 7: ಆವೃತ್ತಿಗಳನ್ನು ಹೋಲಿಸಿ

'ಕೆನಾಟ್ ಇಂಪೋರ್ಟ್ ನೇಮ್' ಎಂದು ಬಂದು, ಸುತ್ತುವ ಇಂಪೋರ್ಟ್ ಇಲ್ಲವೆಂದಾದರೆ ಆ ಹೆಸರು ಹೊಸ ಆವೃತ್ತಿಯಲ್ಲಿ ಹೋಗಿರಬಹುದು. 2023ರ ಸೆಪ್ಟೆಂಬರ್‌ನಲ್ಲಿ ಫ್ಲಾಸ್ಕ್ ಆಧರಿಸಿರುವ ವರ್ಕ್‌ಝಾಯ್ಗ್ ಲೈಬ್ರರಿಯ 3.0 ಆವೃತ್ತಿ ಬಂದಾಗ ಅದರ 'ಯುಆರ್‌ಎಲ್_ಕೋಟ್' ಇಲ್ಲವಾಯಿತು. ಅದನ್ನು ಬಳಸುತ್ತಿದ್ದ ಫ್ಲಾಸ್ಕ್ 2.2ರ ಅಪ್ಲಿಕೇಶನ್‌ಗಳು ತಮ್ಮ ಕೋಡ್‌ನಲ್ಲಿ ಒಂದಕ್ಷರ ಬದಲಾಗದಿದ್ದರೂ ಹೊಸ ಸರ್ವರ್‌ನಲ್ಲಿ ಏಳಲಿಲ್ಲ. ಫ್ಲಾಸ್ಕನ್ನು ಮೇಲ್ದರ್ಜೆಗೇರಿಸುವುದು ಅಥವಾ ವರ್ಕ್‌ಝಾಯ್ಗ್ ಅನ್ನು 3ಕ್ಕಿಂತ ಕೆಳಗೆ ನಿಲ್ಲಿಸುವುದು ಅದಕ್ಕೆ ಮದ್ದು. 2022ರಲ್ಲಿ ಪುಟಗಳ ಟೆಂಪ್ಲೇಟ್ ಲೈಬ್ರರಿಯಾದ ಜಿಂಜಾ 3.1 'ಎಸ್ಕೇಪ್' ಮತ್ತು 'ಮಾರ್ಕಪ್' ಹೆಸರುಗಳನ್ನು ಕೈಬಿಟ್ಟಿತು. ಅವನ್ನು ಈಗ 'ಮಾರ್ಕಪ್‌ಸೇಫ್'ನಿಂದ ಪಡೆಯಬೇಕು. ಜಾಂಗೋ 4.0ರಲ್ಲಿ 'ಯುಗೆಟ್‌ಟೆಕ್ಸ್ಟ್_ಲೇಜಿ' ಹೋಯಿತು, ಆ ಜಾಗದಲ್ಲಿ 'ಗೆಟ್‌ಟೆಕ್ಸ್ಟ್_ಲೇಜಿ' ಇದೆ.

ಪೈಥಾನ್ ತಾನೂ ಇದಕ್ಕೆ ಹೊರತಲ್ಲ. 3.10ರಲ್ಲಿ 'ಕಲೆಕ್ಷನ್ಸ್.ಮ್ಯಾಪಿಂಗ್'ನಂತಹ ಹೆಸರುಗಳು 'ಕಲೆಕ್ಷನ್ಸ್.ಎಬಿಸಿ'ಯಲ್ಲಿ ಮಾತ್ರ ಉಳಿದವು. 3.12ರಲ್ಲಿ 'ಡಿಸ್ಟ್‌ಯುಟಿಲ್ಸ್' ಮತ್ತು 'ಐಎಂಪಿ' ಮಾಡ್ಯೂಲ್‌ಗಳನ್ನೂ, 3.13ರಲ್ಲಿ 'ಸಿಜಿಐ' ಸೇರಿದಂತೆ ಹಲವು ಹಳೆಯವನ್ನೂ ತೆಗೆಯಲಾಯಿತು. 3.12ರಿಂದ ಹೊಸ ವೆನ್ವ್‌ನಲ್ಲಿ 'ಸೆಟಪ್‌ಟೂಲ್ಸ್' ತಾನಾಗಿ ಬರುವುದಿಲ್ಲವಾದ್ದರಿಂದ 'ಪಿಕೆಜಿ_ರಿಸೋರ್ಸಸ್' ಸಿಗುತ್ತಿಲ್ಲ ಎಂಬ ದೋಷವೂ ಹೆಚ್ಚಾಯಿತು. ಇಂಥ ದೋಷ ಸೈಟ್-ಪ್ಯಾಕೇಜಸ್‌ನೊಳಗಿನ ಫೈಲ್‌ನಲ್ಲಿ ಬಂದರೆ ಆ ಲೈಬ್ರರಿಯ ಹೊಸ ಆವೃತ್ತಿ ಹುಡುಕಿ; ಲೈಬ್ರರಿಯ ಫೈಲನ್ನು ನೀವೇ ತಿದ್ದಬೇಡಿ. 'ಪೈಥಾನ್ -ಎಂ ಪಿಪ್ ಚೆಕ್' ಎಂಬ ಕಮಾಂಡ್ ಇನ್‌ಸ್ಟಾಲ್ ಆದವುಗಳ ನಡುವೆ ಘೋಷಿತ ಬೇಡಿಕೆಗಳು ಹೊಂದುತ್ತಿವೆಯೇ ಎಂದು ಹೇಳುತ್ತದೆ. ಮೇಲಿನ ಫ್ಲಾಸ್ಕ್ ಉದಾಹರಣೆಯಲ್ಲಿ ಮೇಲ್ಮಿತಿಯನ್ನೇ ಘೋಷಿಸಿರಲಿಲ್ಲವಾದ್ದರಿಂದ ಅಂಥದ್ದನ್ನು ಅದು ಹಿಡಿಯಲಾರದು.

ಹಂತ 8: ಸರ್ವರ್‌ನಲ್ಲಿ ಮಾತ್ರ ಬರುವ ದೋಷ

ಪೈಥಾನ್ ವೆಬ್ ಅಪ್ಲಿಕೇಶನ್ ಓಡಿಸುವ ಗೂನಿಕಾರ್ನ್ ಎಂಬ ಸರ್ವರ್ ಪ್ರೋಗ್ರಾಂಗೆ 'ಆ್ಯಪ್:ಆ್ಯಪ್' ಎಂದು ಕೊಡುವಾಗ ಕೋಲನ್‌ನ ಎಡಗಡೆಯದು ಮಾಡ್ಯೂಲ್, ಬಲಗಡೆಯದು ಅದರೊಳಗಿನ ವಸ್ತುವಿನ ಹೆಸರು. ಎಡಗಡೆಯದು ಸಿಗದಿದ್ದರೆ ಸಾಮಾನ್ಯವಾಗಿ ಗೂನಿಕಾರ್ನ್ ತಪ್ಪು ಫೋಲ್ಡರ್‌ನಲ್ಲಿ ನಿಂತು ಓಡುತ್ತಿದೆ. ಸೇವೆಯನ್ನು ಲಿನಕ್ಸ್‌ನ ಸೇವಾ ನಿರ್ವಾಹಕವಾದ 'ಸಿಸ್ಟಂಡಿ' ನಡೆಸುತ್ತಿದ್ದರೆ ಅದರ ಯೂನಿಟ್ ಫೈಲ್‌ನಲ್ಲಿ 'ವರ್ಕಿಂಗ್‌ಡೈರೆಕ್ಟರಿ' ಎಂಬಲ್ಲಿ ಪ್ರಾಜೆಕ್ಟ್‌ನ ಬೇರು ಫೋಲ್ಡರನ್ನೂ, 'ಎಕ್ಸೆಕ್‌ಸ್ಟಾರ್ಟ್' ಎಂಬಲ್ಲಿ ವೆನ್ವ್‌ನೊಳಗಿನ ಗೂನಿಕಾರ್ನ್‌ನ ಪೂರ್ಣ ವಿಳಾಸವನ್ನೂ ಕೊಡಿ. ಯೂನಿಟ್ ಫೈಲ್ ತಿದ್ದಿದ ಮೇಲೆ 'ಸಿಸ್ಟಂಸಿಟಿಎಲ್ ಡೀಮನ್-ರೀಲೋಡ್' ಮಾಡಿ, ಬಳಿಕ ಸೇವೆಯನ್ನು ಮತ್ತೆ ಆರಂಭಿಸದಿದ್ದರೆ ತಿದ್ದಿದ್ದು ಜಾರಿಗೆ ಬರುವುದಿಲ್ಲ. ಅಪಾಚೆಯ 'ಮಾಡ್_ಡಬ್ಲ್ಯುಎಸ್‌ಜಿಐ' ಬಳಸುವವರು ಅದು ಯಾವ ಪೈಥಾನ್ ಆವೃತ್ತಿಗಾಗಿ ಕಂಪೈಲ್ ಆಗಿದೆಯೋ ಅದೇ ಆವೃತ್ತಿಯ ವೆನ್ವ್ ಮಾಡಿ, 'ಪೈಥಾನ್-ಹೋಮ್' ಎಂಬಲ್ಲಿ ಅದರ ವಿಳಾಸ ಕೊಡಬೇಕು.

ಫೈಲ್ ಸರ್ವರ್‌ಗೆ ತಲುಪಿದೆಯೇ ಎಂದು ನೋಡುವುದನ್ನು ಮರೆಯುವವರೇ ಹೆಚ್ಚು. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಸಾಧನಕ್ಕೆ ಯಾವುದನ್ನು ಬಿಡಬೇಕೆಂದು ಹೇಳುವ ಫೈಲ್ '.ಗಿಟ್‌ಇಗ್ನೋರ್'. ಗಿಟ್‌ಹಬ್ ಒದಗಿಸುವ ಪೈಥಾನ್‌ನ '.ಗಿಟ್‌ಇಗ್ನೋರ್' ಮಾದರಿಯಲ್ಲಿ 'ಲಿಬ್/', 'ಬಿಲ್ಡ್/' ಮುಂತಾದ ಫೋಲ್ಡರ್ ಹೆಸರುಗಳಿವೆ. ನಿಮ್ಮ ಸ್ವಂತ ಕೋಡನ್ನು 'ಲಿಬ್' ಎಂಬ ಫೋಲ್ಡರ್‌ನಲ್ಲಿ ಇಟ್ಟಿದ್ದರೆ ಗಿಟ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನಿಮ್ಮ ಗಣಕದಲ್ಲಿ ಎಲ್ಲವೂ ಸರಿ, ಸರ್ವರ್‌ನಲ್ಲಿ ಮಾಡ್ಯೂಲೇ ಇಲ್ಲ. 'ಗಿಟ್ ಚೆಕ್-ಇಗ್ನೋರ್ -ವಿ' ಎಂದು ಫೈಲ್‌ನ ಹೆಸರು ಕೊಟ್ಟರೆ ಯಾವ ನಿಯಮದಿಂದ ಅದು ಹೊರಗುಳಿಯಿತೆಂದು ತಿಳಿಯುತ್ತದೆ.

ಅಕ್ಷರಗಳ ದೊಡ್ಡ–ಚಿಕ್ಕ ರೂಪದ ತೊಡಕೂ ಇದರ ಹತ್ತಿರದ್ದೇ. ವಿಂಡೋಸ್‌ನಲ್ಲಿ ಪೈಥಾನ್ ಈ ವ್ಯತ್ಯಾಸವನ್ನು ಲೆಕ್ಕಿಸುವುದಿಲ್ಲ ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ, ಇಂಪೋರ್ಟ್ ಮಾಡುವಾಗ ಪೈಥಾನ್ ಅಲ್ಲಿಯೂ ಅಕ್ಷರರೂಪವನ್ನು ಹೋಲಿಸುತ್ತದೆ. ಎಡವಟ್ಟಾಗುವುದು ಗಿಟ್‌ನಲ್ಲಿ. ದೊಡ್ಡಕ್ಷರದಿಂದ ಶುರುವಾದ ಫೈಲ್ ಹೆಸರನ್ನು ನೀವು ವಿಂಡೋಸ್ ಅಥವಾ ಮ್ಯಾಕ್‌ನಲ್ಲಿ ಚಿಕ್ಕಕ್ಷರಕ್ಕೆ ಬದಲಿಸಿದಾಗ ಗಿಟ್ ಅದನ್ನು ಬದಲಾವಣೆಯೆಂದೇ ಎಣಿಸದಿರಬಹುದು, ಲಿನಕ್ಸ್ ಸರ್ವರ್‌ಗೆ ಹಳೆಯ ಹೆಸರಿನ ಫೈಲೇ ಹೋಗುತ್ತದೆ. 'ಗಿಟ್ ಎಂವಿ' ಮೂಲಕವೇ ಹೆಸರು ಬದಲಿಸಿ.

ಡಾಕರ್ ಬಳಸುವವರಿಗೆ ಒಂದು ಮಾತು. ಇಮೇಜ್ ಕಟ್ಟುವಾಗ ಅಪ್ಲಿಕೇಶನ್ ಫೋಲ್ಡರ್‌ನೊಳಗೇ ವೆನ್ವ್ ಮಾಡಿ, ಓಡಿಸುವಾಗ ಅದೇ ಜಾಗಕ್ಕೆ ನಿಮ್ಮ ಗಣಕದ ಫೋಲ್ಡರನ್ನು ಮೌಂಟ್ ಮಾಡಿದರೆ ಒಳಗಿದ್ದುದೆಲ್ಲ ಮುಚ್ಚಿಹೋಗುತ್ತದೆ. ವೆನ್ವ್ ಬೇರೆ ಫೋಲ್ಡರ್‌ನಲ್ಲಿರಲಿ. ನಿಮ್ಮ ಗಣಕದ ವೆನ್ವ್ ಇಮೇಜ್‌ಗೆ ನಕಲಾಗದಂತೆ '.ಡಾಕರ್‌ಇಗ್ನೋರ್' ಫೈಲ್‌ನಲ್ಲಿ ಅದರ ಹೆಸರನ್ನೂ ಸೇರಿಸಿ.

ಪೈಥಾನ್ ತಾನು ಕಂಪೈಲ್ ಮಾಡಿದ ಪ್ರತಿಗಳನ್ನು ಇಡುವ '__ಪೈಕ್ಯಾಶ್__' ಫೋಲ್ಡರ್‌ಗಳನ್ನು ಅಳಿಸಿ ಎಂಬ ಸಲಹೆಯನ್ನೂ ನೀವು ಕೇಳಿರಬಹುದು. ಮೂಲ ಫೈಲ್ ಇಲ್ಲದಿದ್ದರೆ ಆ ಫೋಲ್ಡರ್‌ನಲ್ಲಿನ ಪ್ರತಿಯನ್ನು ಪೈಥಾನ್ 3 ಬಳಸುವುದೇ ಇಲ್ಲ, ಮೂಲ ಬದಲಾದರೆ ತಾನೇ ಹೊಸದು ಮಾಡಿಕೊಳ್ಳುತ್ತದೆ. ಅಳಿಸಿದರೆ ನಷ್ಟವಿಲ್ಲ, ಲಾಭ ಬಲು ಅಪರೂಪ.

ಹಂತ 9: ಮಾಡ್ಯೂಲ್ ಸಿಕ್ಕಿದೆ, ಅದರ ಹಿಂದಿನ ಲೈಬ್ರರಿ ಇಲ್ಲ

'ಲಿಬ್‌ಜಿಎಲ್.ಎಸ್‌ಒ.1' ಅಥವಾ 'ಲಿಬ್‌ಪಿಕ್ಯೂ.ಎಸ್‌ಒ.5' ತೆರೆಯಲಾಗಲಿಲ್ಲ ಎಂಬಂಥ ದೋಷ ಪಿಪ್‌ನ ವ್ಯಾಪ್ತಿಗೆ ಬರುವುದಿಲ್ಲ. ಇವು ಆಪರೇಟಿಂಗ್ ಸಿಸ್ಟಂ ಮಟ್ಟದ ಲೈಬ್ರರಿಗಳು. ಸಿಸ್ಟಂನ ಪ್ಯಾಕೇಜ್ ಮ್ಯಾನೇಜರ್ ಮೂಲಕವೇ ಹಾಕಬೇಕು. ಮೊದಲನೆಯದು ಚಿತ್ರಗಳ ವಿಶ್ಲೇಷಣೆಯ ಲೈಬ್ರರಿಯಾದ ಓಪನ್‌ಸಿವಿ ಬಳಸುವ ಸರ್ವರ್‌ಗಳಲ್ಲಿ ಬರುತ್ತದೆ. ಪರದೆಯೇ ಇಲ್ಲದ ಸರ್ವರ್‌ಗೆ 'ಓಪನ್‌ಸಿವಿ-ಪೈಥಾನ್-ಹೆಡ್‌ಲೆಸ್' ಎಂಬ ರೂಪವೇ ಸಾಕು. ಎರಡನೆಯದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಸಂಪರ್ಕಕ್ಕೆ ಬೇಕಾದದ್ದು. 'ಪೈಡ್ಯಾಂಟಿಕ್_ಕೋರ್' ನಂಥ ಪ್ಯಾಕೇಜಿನ ಒಳಗಿನ, ಕೆಳಗೆರೆಯಿಂದ ಶುರುವಾಗುವ ಮಾಡ್ಯೂಲ್ ಸಿಗುತ್ತಿಲ್ಲವೆಂದರೆ, ಬೇರೆ ಪೈಥಾನ್ ಆವೃತ್ತಿಗೆ ಅಥವಾ ಬೇರೆ ಬಗೆಯ ಪ್ರೊಸೆಸರ್‌ಗೆ ಕಂಪೈಲ್ ಆದ ಫೈಲ್‌ಗಳನ್ನು ನಕಲು ಮಾಡಿ ತಂದಿರುವ ಸಾಧ್ಯತೆ ಹೆಚ್ಚು. ಸೈಟ್-ಪ್ಯಾಕೇಜಸ್ ಅನ್ನು ಹಾಗೆಯೇ ಹೊತ್ತು ತರದೆ, ಗುರಿ ಸರ್ವರ್‌ನಲ್ಲಿಯೇ ಅಥವಾ ಅದೇ ಬಗೆಯ ಇಮೇಜ್‌ನಲ್ಲಿಯೇ ಇನ್‌ಸ್ಟಾಲ್ ಮಾಡಿ.

ಹಂತ 10: ಸರಿಯಾದ ಮೇಲೆ

ಇನ್‌ಸ್ಟಾಲ್ ಆದ ಎಲ್ಲ ಆವೃತ್ತಿಗಳನ್ನೂ 'ಪೈಥಾನ್ -ಎಂ ಪಿಪ್ ಫ್ರೀಜ್' ಮೂಲಕ 'ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ' ಫೈಲ್‌ಗೆ ಬರೆದಿಡಿ. ನೇರವಾಗಿ ಬಳಸುವ ಲೈಬ್ರರಿಗಳಷ್ಟೇ ಅಲ್ಲದೆ ಅವು ಎಳೆದು ತಂದವುಗಳ ಆವೃತ್ತಿಗಳೂ ಆಗ ಗಟ್ಟಿಯಾಗಿ ನಿಲ್ಲುತ್ತವೆ. ಹೊಸದೊಂದು ಖಾಲಿ ವೆನ್ವ್ ಮಾಡಿ, ಆ ಫೈಲ್‌ನಿಂದಲೇ ಎಲ್ಲವನ್ನೂ ಇನ್‌ಸ್ಟಾಲ್ ಮಾಡಿ, ಅಪ್ಲಿಕೇಶನ್ ಏಳುತ್ತದೆಯೇ ನೋಡಿ. ದೋಷ ಹುಡುಕುವ ಅವಸರದಲ್ಲಿ ಕೈಯಿಂದ ಹಾಕಿಕೊಂಡು ಪಟ್ಟಿಗೆ ಸೇರಿಸಲು ಮರೆತದ್ದು ಯಾವುದಾದರೂ ಇದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ. ಕೊನೆಗೆ, ಸರ್ವರ್‌ಗೆ ಹೊಸ ಕೋಡ್ ಏರಿಸುವ ಸ್ಕ್ರಿಪ್ಟ್‌ನಲ್ಲಿ ಸೇವೆಯನ್ನು ಮರು ಆರಂಭಿಸುವ ಸಾಲಿಗೆ ಮುಂಚೆ, ವೆನ್ವ್‌ನ ಪೈಥಾನ್‌ನ ಪೂರ್ಣ ವಿಳಾಸ ಕೊಟ್ಟು, '-ಸಿ' ಆಯ್ಕೆಯಿಂದ ನಿಮ್ಮ ಮುಖ್ಯ ಮಾಡ್ಯೂಲನ್ನು ಒಮ್ಮೆ ಇಂಪೋರ್ಟ್ ಮಾಡುವ ಒಂದು ಸಾಲು ಸೇರಿಸಿ. ಜಾಂಗೋ ಆದರೆ 'ಮ್ಯಾನೇಜ್.ಪೈ ಚೆಕ್' ಸಾಕು. ಆ ಸಾಲು ಸೋತರೆ ಸ್ಕ್ರಿಪ್ಟ್ ಅಲ್ಲಿಯೇ ನಿಲ್ಲುವಂತಿರಲಿ. ಆಗ ಹಳೆಯ ಪ್ರಕ್ರಿಯೆಯೇ ಓಡುತ್ತಿರುತ್ತದೆ, ದೋಷ ಬಳಕೆದಾರರ ಬದಲು ನಿಮ್ಮ ಟರ್ಮಿನಲ್‌ನಲ್ಲಿ ಕಾಣುತ್ತದೆ.